ಅಕ್ಕನ ಮನೆಯ ಬಚ್ಚಲು

ನಮ್ಮೂರಿನ ಪ್ಲಂಬರನನ್ನು ಎದುರಿಗೆ ಎಲ್ಲರೂ ‘ಮೇಸ್ತ್ರಿ’ ಎನ್ನುತ್ತಾರೆ. ಬೆನ್ನು ತಿರುಗಿಸಿದನೋ, ‘ನಾಳೆಪ್ಪ’. ಆ ಹೆಸರಿಟ್ಟವಳು ನಾನೇ. ಅದು ಅವನಿಗೂ ಗೊತ್ತು. ನಲ್ಲಿ, ಪೈಪು, ಬಣ್ಣ, ಮೊಳೆ ಮಾರುವ ಅಂಗಡಿ ನನ್ನದು. ಯಜಮಾನರು ತೀರಿಕೊಂಡ ಮೇಲೆ ಗಲ್ಲಾಪೆಟ್ಟಿಗೆಯ ಮುಂದೆ ನಾನೇ ಕೂತಿದ್ದೇನೆ. ಊರಿನಲ್ಲಿ ಯಾರ ಮನೆಯ ಪೈಪು ಒಡೆಯಿತು, ಯಾರ ಗೋಡೆಗೆ ತೇವ ಹತ್ತಿತು, ಯಾರು ಯಾರ ಮೇಲೆ ಹಲ್ಲು ಕಡಿಯುತ್ತಿದ್ದಾರೆ ಎಲ್ಲವೂ ಮೊದಲು ಬೀಳುವುದು ನನ್ನ ಕಿವಿಗೆ. ನನ್ನ ಬಾಯಿ ಜೋರು ಎಂದು ಜನ ಹೇಳುತ್ತಾರೆ. ಹೇಳಲಿ ಬಿಡಿ, ಅಂಗಡಿ ನಡೆಸುವವಳು ಪಿಸುಗುಟ್ಟಿಕೊಂಡು ಕೂರುವುದಕ್ಕಾಗುತ್ತದೆಯೇ.

ಮೊದಲು ನಮ್ಮ ಕಡೆ ಏನಿತ್ತು? ಸುತ್ತ ಗುಡ್ಡ, ನಡುವೆ ದೊಡ್ಡದೊಂದು ಸರೋವರ, ಅದರ ದಂಡೆಗೆ ಒಂದೇ ಬೀದಿ. ನೋಡಲು ಚೆಂದ, ಬದುಕಲು ಕಷ್ಟ. ‘ಈ ಚೆಂದಾನ ಬೇಯಿಸ್ಕೊಂಡು ತಿನ್ನೋಕಾಗುತ್ತೇನೇ?’ ಎಂದು ಯಜಮಾನರು ಆಗಾಗ ಕೇಳುತ್ತಿದ್ದರು. ಆಮೇಲೆ ಹೆದ್ದಾರಿಯಿಂದ ಇತ್ತ ಬರುವ ರಸ್ತೆ ಅಗಲವಾಯಿತು, ಪೇಟೆಯವರು ಕಾರು ಹತ್ತಿ ಬರತೊಡಗಿದರು, ಚೆಂದಕ್ಕೂ ಬೆಲೆ ಬಂತು. ಮೊದಲು ಒಂದು ಲಾಡ್ಜು ಎದ್ದಿತು, ಅದರ ಪಕ್ಕ ಇನ್ನೊಂದು, ಅವೆರಡರ ನಡುವಿನ ಸಂದಿಯಲ್ಲಿ ಮೂರನೆಯದು. ಲಾಡ್ಜು ಕಟ್ಟಲು ಕೈಲಾಗದವರು ಮನೆಯ ಒಂದು ಕೋಣೆಗೆ ಹೊಸ ಪರದೆ ಹಾಕಿ ಬಾಡಿಗೆಗೆ ಬಿಟ್ಟರು. ಕೋಳಿಗೂಡನ್ನು ಕೆಡವಿ, ಅಲ್ಲೇ ಎರಡು ಕೋಣೆ ಎಬ್ಬಿಸಿ, ‘ಹಕ್ಕಿಮನೆ’ ಎಂದು ಬೋರ್ಡು ಬರೆಸಿದ ಮಹಾನುಭಾವರೂ ಇದ್ದಾರೆ. ಬಂದವರು ಗುಡ್ಡವನ್ನು ಐದು ನಿಮಿಷ ನೋಡುತ್ತಾರೆ, ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ಆಮೇಲೆ ‘ಬಿಸಿನೀರು ಯಾಕೆ ಬರ್ತಿಲ್ಲ?’ ಎಂದು ಜಗಳಕ್ಕೆ ನಿಲ್ಲುತ್ತಾರೆ. ಹಾಗಾಗಿ ಪ್ರತಿ ಕೋಣೆಗೂ ಒಂದು ಬಚ್ಚಲು ಬೇಕು. ಕೋಣೆಯೊಳಗೇ ಬೇಕು, ಈ ಸೀಸನ್ನಿಗೇ ಬೇಕು. ನನ್ನ ವ್ಯಾಪಾರ ಕುದುರಿತು ಎಂದು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಆದರೆ ನಾನು ಮಾರಿದ ನಲ್ಲಿಯನ್ನು ಗೋಡೆಗೆ ಕೂರಿಸುವವರು ಬೇಕಲ್ಲ? ಇಡೀ ಕಣಿವೆಗೆ ಪ್ಲಂಬರುಗಳೆಂದು ಇದ್ದವರೇ ಮೂರು ಜನ. ಅವರಲ್ಲಿ ಕೈಕೆಲಸ ಚೊಕ್ಕವಾಗಿದ್ದದ್ದು ನಾಳೆಪ್ಪನದು. ಅವನು ಕೂರಿಸಿದ ಜೋಡಣೆಯಲ್ಲಿ ಒಂದು ಹನಿ ಜಿನುಗಿದ್ದನ್ನು ನಾನು ಕಂಡಿಲ್ಲ. ಅದನ್ನು ಒಪ್ಪಿಕೊಂಡೇ ಮುಂದಿನ ಮಾತು ಹೇಳುತ್ತೇನೆ.

ಅವನ ಕೆಲಸದ ರೀತಿ ಹೀಗಿತ್ತು. ಕರೆ ಬಂದ ಮೊದಲ ದಿನ ಬಿರುಗಾಳಿಯ ಹಾಗೆ ಬರುತ್ತಾನೆ. ಮನೆಯವರು ಕೊಟ್ಟ ಚಹಾ ಆರುವುದರೊಳಗೆ ಹಳೆಯ ನೆಲ ಅಗೆದು, ಪೈಪು ಕಿತ್ತು, ಕಮೋಡನ್ನು ಅಂಗಳಕ್ಕೆ ತಂದು ನಿಲ್ಲಿಸುತ್ತಾನೆ. ‘ಎಂಥಾ ಕೆಲಸಗಾರನಪ್ಪಾ!’ ಎಂದು ಮನೆಯವರು ಮೂಗಿನ ಮೇಲೆ ಬೆರಳಿಡುತ್ತಾರೆ. ಸಂಜೆ ಕೈ ತೊಳೆದುಕೊಂಡು, ಹತಾರಗಳ ಚೀಲವೊಂದನ್ನು ಮೂಲೆಯಲ್ಲಿಟ್ಟು, ‘ಸಾಮಾನು ಇಲ್ಲೇ ಇರ್ಲಿ, ನಾಳೆ ಬೆಳಿಗ್ಗೆನೇ ಬಂದುಬಿಡ್ತೀನಿ’ ಎಂದು ಹೋಗುತ್ತಾನೆ. ಹೋದವನು ಹೋದ. ಮರುದಿನ ಇನ್ನೊಬ್ಬರ ಮನೆಯಲ್ಲಿ ಇದೇ ಆಟ. ಒಬ್ಬ ಕೈಹಾಕಿದ ಕೆಲಸವನ್ನು ಇನ್ನೊಬ್ಬ ಮುಟ್ಟುವುದಿಲ್ಲ ಎಂಬುದು ಆ ಮೂವರ ನಡುವಿನ ಮಾತು. ಮೂಲೆಯಲ್ಲಿ ಚೀಲ ಕಂಡರೆ ಉಳಿದಿಬ್ಬರು ಹೊಸ್ತಿಲನ್ನೂ ದಾಟುವುದಿಲ್ಲ. ಹಾಗಾಗಿ ಚೀಲವಿಟ್ಟ ಮನೆ ಅವನದಾಯಿತು. ಎಲ್ಲರ ಮನೆಯ ನೆಲವೂ ಬಾಯಿ ತೆರೆದುಕೊಂಡು ಬಿದ್ದಿರುತ್ತಿತ್ತು, ಎಲ್ಲರೂ ಅವನಿಗಾಗಿ ಕಾಯುತ್ತಿದ್ದರು, ಅವನು ಯಾರು ಜಾಸ್ತಿ ಕೂಗಾಡುತ್ತಾರೋ ಅಲ್ಲಿಗೆ ಮೊದಲು ಓಡುತ್ತಿದ್ದ. ನಿಜ ಹೇಳಬೇಕೆಂದರೆ ಆ ಚೀಲಗಳಲ್ಲಿ ಇರುತ್ತಿದ್ದದ್ದು ತುಕ್ಕು ಹಿಡಿದ ಸ್ಪ್ಯಾನರು, ಹಲ್ಲು ಹೋದ ಗರಗಸ. ಬರೀ ಬಿಟ್ಟು ಬರುವುದಕ್ಕೆಂದೇ ನನ್ನ ಅಂಗಡಿಯ ಗುಜರಿ ಡಬ್ಬದಿಂದ ಆರಿಸಿಕೊಂಡು ಹೋಗುತ್ತಿದ್ದ. ಒಳ್ಳೆಯ ಹತಾರ ಅವನ ಸೊಂಟ ಬಿಟ್ಟು ಅಲುಗುತ್ತಿರಲಿಲ್ಲ.

‘ಅಲ್ಲ ಕಣೋ, ಇದೊಂದು ಬಾಳುವೆನಾ? ಒಂದು ಮುಗಿಸಿ ಇನ್ನೊಂದಕ್ಕೆ ಹೋಗು’ ಎಂದು ನಾನು ಅಂದರೆ, ‘ಅಂಗಡಿಯಮ್ಮ, ಒಂದು ಮುಗ್ಸೋದ್ರೊಳಗೆ ಹತ್ತು ಕೈತಪ್ಪಿ ಹೋಗುತ್ತೆ. ಈ ಸೀಸನ್ನು ಯಾವಾಗ್ಲೂ ಇರುತ್ತಾ?’ ಎನ್ನುತ್ತಿದ್ದ. ಊರಿಗೆ ಊರೇ ಆ ಮಾತನ್ನು ಆಡುತ್ತಿದ್ದ ಕಾಲ ಅದು. ಬಣ್ಣ ಬಳಿಯುವವನೂ ಹಾಗೆ, ಬಡಗಿಯೂ ಹಾಗೆ. ದುಡಿಮೆ ಸಿಕ್ಕಾಗ ಬಾಚಿಕೊಳ್ಳಬೇಕು ಎಂದು ಎಲ್ಲರೂ ಓಡುತ್ತಿದ್ದರು.

ಅವನಿಗೆ ಒಬ್ಬಳು ಅಕ್ಕ. ಊರಿಗೆಲ್ಲ ಟೈಲರಕ್ಕ. ತಾಯಿ ಹೋದಾಗ ಇವನು ಇನ್ನೂ ಅಂಬೆಗಾಲಿಡುತ್ತಿದ್ದ. ಅವಳು ಶಾಲೆ ಬಿಟ್ಟು ಹೊಲಿಗೆ ಯಂತ್ರದ ಮುಂದೆ ಕೂತಳು. ಒಂದು ಕಾಲಿನಲ್ಲಿ ಯಂತ್ರ ತುಳಿಯುತ್ತ ಇನ್ನೊಂದು ಕಾಲಿನ ಮೇಲೆ ಇವನನ್ನು ಮಲಗಿಸಿಕೊಂಡು ತಟ್ಟುತ್ತಿದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇವನು ದೊಡ್ಡವನಾಗಿ ಪೋಲಿ ಬೀಳುವ ಲಕ್ಷಣ ಕಂಡಾಗ, ಆಗಿನ ಕಾಲದ ಮುದಿ ಪ್ಲಂಬರ ಒಬ್ಬನ ಹತ್ತಿರ ಕಿವಿ ಹಿಡಿದು ಎಳೆದುಕೊಂಡು ಹೋಗಿ ಸೇರಿಸಿದವಳೂ ಅವಳೇ. ಅವಳ ಮದುವೆಯ ಮಾತು ಎರಡು ಮೂರು ಸಲ ಬಂತು, ಹೋಯಿತು. ‘ಇವನ್ನ ಯಾರ ಕೈಗೆ ಕೊಟ್ಟು ಹೋಗ್ಲಿ?’ ಎನ್ನುತ್ತಿದ್ದಳು. ಇವನಿಗೆ ಮದುವೆಯಾಗಿ, ಸರೋವರದ ಆಚೆ ದಂಡೆಯಲ್ಲಿ ಮಹಡಿ ಮನೆ ಕಟ್ಟಿದ ಮೇಲೂ ಅವಳು ಹಳೆಯ ಮನೆಯಲ್ಲೇ ಉಳಿದಳು. ಹೆದ್ದಾರಿಯ ಪಕ್ಕ ರೆಡಿಮೇಡ್ ಬಟ್ಟೆಯ ದೊಡ್ಡ ಅಂಗಡಿ ಬಂದ ಮೇಲೆ ಅವಳ ಹತ್ತಿರ ಬರುವುದೆಲ್ಲ ಕಿತ್ತುಹೋದ ಜಿಪ್ಪು, ಉದ್ದವಾದ ಪ್ಯಾಂಟಿನ ತುದಿ, ಇಷ್ಟೇ. ಆದರೂ ಯಾರ ಹತ್ತಿರವೂ ಕೊರಗಿದವಳಲ್ಲ.

ಅವಳ ಮನೆಯ ಬಚ್ಚಲಿನ ನೀರು ಹೊರಗೆ ಹೋಗದೆ ಗೋಡೆಗೆ ಇಳಿಯತೊಡಗಿತ್ತು. ತಮ್ಮನಿಗೆ ಹೇಳಿದಳು. ಇವನಿಗೆ ಅಕ್ಕನ ಮೇಲೆ ಪ್ರೀತಿ ಇರಲಿಲ್ಲ ಎಂದು ಹೇಳಿದರೆ ನನ್ನ ನಾಲಿಗೆಗೆ ಹುಳ ಬೀಳುತ್ತದೆ. ‘ತೇಪೆ ಹಾಕೋ ಕೆಲ್ಸ ಬೇಡಕ್ಕ. ಪೂರ್ತಿ ಹೊಸದು ಮಾಡಿಬಿಡ್ತೀನಿ. ಲಾಡ್ಜಿನಲ್ಲಿ ಇರೋ ಹಾಗೆ ಟೈಲ್ಸು, ಶವರು, ಗೀಸರು. ನೀನು ರಾಣಿ ಹಾಗೆ ಸ್ನಾನ ಮಾಡ್ಬೇಕು’ ಎಂದು ಬೇಸಿಗೆ ಶುರುವಾಗುವಾಗ ಬಂದ. ನನ್ನ ಅಂಗಡಿಯಿಂದ ನೀಲಿ ಟೈಲ್ಸನ್ನು ಅವನೇ ಹುಡುಕಿ ಹುಡುಕಿ ಆರಿಸಿದ. ಒಂದೇ ಮಧ್ಯಾಹ್ನದಲ್ಲಿ ಬಚ್ಚಲು, ಪಾಯಿಖಾನೆ ಎರಡನ್ನೂ ಒಡೆದು ಹಾಕಿದ. ಸಂಜೆ ಹೊರಡುವಾಗ ಅಭ್ಯಾಸಬಲ ನೋಡಿ, ಕೈ ತನ್ನಷ್ಟಕ್ಕೆ ತಾನೇ ಚೀಲವನ್ನು ಮೂಲೆಯಲ್ಲಿಟ್ಟಿತು.

ಅಕ್ಕ ನಕ್ಕಳಂತೆ. ‘ಏನೋ ಇದು, ನನ್ನ ಮನೇಲೂ ಚೀಲ ಇಟ್ಟು ಹೋಗ್ತೀಯಾ? ನಾನೇನು ಬೇರೆಯವರನ್ನ ಕರೀತೀನಾ?’

ಇವನೂ ನಕ್ಕು, ನಾಳೆ ಎಂದು ಹೇಳಿ ಬಂದ. ಮರುದಿನ ಗುಡ್ಡದ ಮೇಲಿನ ದೊಡ್ಡ ಲಾಡ್ಜಿನವರು ಫೋನು ಮಾಡಿದರು. ಹೊಸ ಕಟ್ಟಡ ಎಬ್ಬಿಸುತ್ತಿದ್ದರು, ಕೋಣೆಗೊಂದು ಬಚ್ಚಲು. ಅಲ್ಲಿಗೆ ಹೋದವನು ಅಲ್ಲೇ ಉಳಿದುಬಿಟ್ಟ.

ದಿನ ಹೋದವು, ವಾರ ಹೋದವು. ಟೈಲರಕ್ಕ ಫೋನು ಮಾಡಿದಾಗಲೆಲ್ಲ ‘ಇದೊಂದು ಮುಗೀಲಿ ಅಕ್ಕ’ ಎಂಬ ಉತ್ತರ. ಬೇರೆಯವರು ಅಂಗಡಿಗೆ ಬಂದು ನನ್ನೆದುರು ಅವನಿಗೆ ಹಿಡಿಶಾಪ ಹಾಕುತ್ತಿದ್ದರು; ಇವಳು ಬಂದರೆ ಅವನ ಪರವೇ. ‘ಪಾಪ, ಉಣ್ಣೋಕೂ ಬಿಡುವಿಲ್ಲ ಅವನಿಗೆ. ಸೊರಗಿ ಹೋಗಿದ್ದಾನೆ’ ಎನ್ನುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ‘ಉಳಿದಿಬ್ಬರಲ್ಲಿ ಒಬ್ಬನ್ನ ಕರೆಸ್ತೀನಿ ಕಣೇ, ನಾನು ಹೇಳಿದ್ರೆ ಬರ್ತಾನೆ’ ಎಂದೆ. ‘ಬೇಡಮ್ಮ. ತಮ್ಮ ಪ್ಲಂಬರ್ ಆಗಿರುವಾಗ ಅಕ್ಕ ಬೇರೆಯವರನ್ನ ಕರೆದಳು ಅಂದ್ರೆ ಅವನ ಮಾನ ಏನಾಗ್ಬೇಕು?’ ಎಂದು ಕೈಮುಗಿದಳು. ಯಾರಿಗೆ ಯಾರ ಮಾನದ ಚಿಂತೆ ನೋಡಿ.

ಅಷ್ಟು ದಿನವೂ ಅವಳು ಪಕ್ಕದ ಮನೆಯ ಬಚ್ಚಲನ್ನೇ ನಂಬಿಕೊಂಡಿದ್ದಳು. ಪಕ್ಕದ ಮನೆಯಾಕೆ ಗುಡ್ಡದ ಮೇಲಿನ ಅದೇ ಲಾಡ್ಜಿನಲ್ಲಿ ಕೋಣೆಗಳ ಮೇಲ್ವಿಚಾರಕಿ, ಒಳ್ಳೆಯ ಹೆಂಗಸು. ಆದರೆ ಸೀಸನ್ನು ಏರಿದಂತೆ ಅವಳ ಗಂಡ ಬಚ್ಚಲಿರುವ ಕೋಣೆಯನ್ನೇ ಬಾಡಿಗೆಗೆ ಬಿಟ್ಟುಬಿಟ್ಟ. ಆ ಮನೆಯವರೇ ಹಿತ್ತಲಲ್ಲಿ ತಗಡಿನ ಮರೆ ಕಟ್ಟಿಕೊಂಡು ಸುಧಾರಿಸಬೇಕಾಯಿತು. ಆಚೆ ಮನೆಯದೂ ಅದೇ ಕಥೆ, ಎದುರು ಮನೆಯದೂ ಅದೇ. ಬೀದಿಯಲ್ಲಿದ್ದ ಒಳ್ಳೆಯ ಬಚ್ಚಲುಗಳೆಲ್ಲ ನೆಂಟರಲ್ಲದವರ ಪಾಲಾಗಿದ್ದವು. ತಮ್ಮನ ಮನೆಯೋ ಸರೋವರದ ಆಚೆ ದಂಡೆಯಲ್ಲಿ, ದಿನಬೆಳಗಾದರೆ ಅಷ್ಟು ದೂರ ಹೋಗಿಬರುವ ಮಾತೇ ಇಲ್ಲ. ಐವತ್ತು ದಾಟಿದ ಹೆಂಗಸು ಬೆಳಕು ಹರಿಯುವ ಮುಂಚೆ ಎದ್ದು, ಯಾರೂ ನೋಡುತ್ತಿಲ್ಲ ತಾನೆ ಎಂದು ಅತ್ತಿತ್ತ ನೋಡಿಕೊಂಡು, ಆ ತಗಡಿನ ಹಿಂದಕ್ಕೆ ಹೋಗಬೇಕಾದ ಪರಿಸ್ಥಿತಿ. ಸ್ನಾನದ ಮಾತಂತೂ ಕೇಳಲೇಬೇಡಿ. ಅಡುಗೆಮನೆಯಲ್ಲಿ ಬಕೆಟ್ಟು ಇಟ್ಟುಕೊಂಡು ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಳ್ಳುತ್ತಿದ್ದಳು. ಇದನ್ನು ಅವಳು ನನಗೆ ಹೇಳಿರಲಿಲ್ಲ. ಹೇಳಲು ನಾಚಿಕೆ.

ಮೇಲ್ವಿಚಾರಕಿಗೆ ಕರುಳು ಚುರುಕ್ ಎಂದಿತು. ‘ಟೈಲರಕ್ಕ, ಹೊಸ ಕಟ್ಟಡದಲ್ಲಿ ಕೊನೆ ಕೋಣೆ ಇನ್ನೂ ಯಾರಿಗೂ ಕೊಟ್ಟಿಲ್ಲ. ನನ್ನ ಜೊತೆ ಬನ್ನಿ. ಯಾರೂ ಬರಲ್ಲ ಆ ಕಡೆ. ಬಿಸಿನೀರಲ್ಲಿ ನೆಮ್ಮದಿಯಾಗಿ ತಲೆ ತೊಳ್ಕೊಳ್ಳಿ’ ಎಂದಳು. ಟೈಲರಕ್ಕ ಮೊದಲು ಒಪ್ಪಲಿಲ್ಲ. ಆಮೇಲೆ, ಎಷ್ಟೆಂದರೂ ನನ್ನ ತಮ್ಮ ಕೂರಿಸಿದ ಶವರು ತಾನೆ, ಹೇಗೆ ಬರುತ್ತದೆ ನೋಡೋಣ ಎಂದು ಹೋದಳು. ಅವಳು ಹಾಗೇ ಹೇಳಿ ಹೋದಳೆಂದು ಮೇಲ್ವಿಚಾರಕಿಯೇ ಆಮೇಲೆ ನನಗೆ ಹೇಳಿದ್ದು.

ಅದೇ ಬೆಳಿಗ್ಗೆ ಲಾಡ್ಜಿನ ಮಾಲೀಕರ ಜೊತೆ ಇಬ್ಬರು ಬಂದಿದ್ದರು. ಸರೋವರದ ಆಚೆ ತುದಿಯಲ್ಲಿ ಇದಕ್ಕಿಂತ ದೊಡ್ಡ ಲಾಡ್ಜು ಕಟ್ಟುವವರಂತೆ. ನಮ್ಮ ನಾಳೆಪ್ಪನನ್ನು ಮಾಲೀಕರು ಅವರ ಮುಂದೆ ನಿಲ್ಲಿಸಿ, ‘ಇವನೇ ನೋಡಿ, ಈ ಕಡೆ ಇಂಥ ಕೆಲಸಗಾರ ಇನ್ನೊಬ್ಬ ಸಿಗಲ್ಲ’ ಎಂದು ಹೊಗಳಿ, ಬಚ್ಚಲು ತೋರಿಸಲು ಕರೆದುಕೊಂಡು ಹೊರಟರು. ಆ ದೊಡ್ಡ ಕೆಲಸ ಇವನ ಬಾಯಿಗೆ ಬಂದು ನಿಂತಿತ್ತು. ನುಂಗುವುದೊಂದೇ ಬಾಕಿ. ಇವನು ಇಸ್ತ್ರಿ ಮಾಡಿದ ಅಂಗಿ ಬೇರೆ ಹಾಕಿಕೊಂಡಿದ್ದ.

ಜನ ಇಲ್ಲದ ಕಡೆ ತೋರಿಸೋಣವೆಂದು ಕೊನೆಯ ಕೋಣೆಗೇ ಕರೆದುಕೊಂಡು ಹೋದರು. ಬಚ್ಚಲಿನ ಬಾಗಿಲಿಗೆ ಇನ್ನೂ ಚಿಲಕ ಕೂರಿಸಿರಲಿಲ್ಲ. ‘ನಲ್ಲಿ ತಿರುಗಿಸಿದ ತಕ್ಷಣ ಬಿಸಿನೀರು ಬರುತ್ತೆ ಸಾರ್’ ಎನ್ನುತ್ತ ಇವನೇ ಬಾಗಿಲು ತಳ್ಳಿದ. ಒಳಗೆ ಆವಿ ತುಂಬಿತ್ತು. ಆವಿಯ ನಡುವೆ ಅವಳು, ಬಟ್ಟೆ ಉಟ್ಟುಕೊಂಡಾಗಿತ್ತು ಪುಣ್ಯಕ್ಕೆ, ಒದ್ದೆ ಕೂದಲನ್ನು ಟವೆಲಿನಲ್ಲಿ ಹಿಂಡುತ್ತ ನಿಂತಿದ್ದಳು.

‘ಯಾರಮ್ಮ ನೀನು? ಇಲ್ಲಿ ಏನು ಮಾಡ್ತಿದ್ದೀಯ?’ ಎಂದು ಮಾಲೀಕರು ಕೇಳಿದರು.

ಅವಳು ಒಂದೇ ಒಂದು ಸಲ ತಮ್ಮನ ಕಡೆ ನೋಡಿದಳು. ಇವನು ಮೇಲಿದ್ದ ಶವರನ್ನು ನೋಡುತ್ತಿದ್ದ. ಅವಳಿಗೆ ಅಷ್ಟು ಸಾಕಾಯಿತು. ಟವೆಲನ್ನು ಹೆಗಲಿಗೆ ಹಾಕಿಕೊಂಡು, ಮೂಲೆಯಲ್ಲಿದ್ದ ಬ್ರಷ್ಷನ್ನು ಎತ್ತಿಕೊಂಡು, ‘ತೊಳೆಯೋಕೆ ಬಂದಿದ್ದೆ ಸಾರ್’ ಎಂದಳು.

ಮಾಲೀಕರು ಇವನ ಕಡೆ ತಿರುಗಿ, ‘ನೀನು ದಿನಾ ಇಲ್ಲೇ ಇರ್ತೀಯಲ್ಲ. ನೋಡಿದ್ದೀಯಾ ಇವಳನ್ನ?’ ಎಂದರು.

‘ಇಲ್ಲ ಸಾರ್. ಹೊಸಬರಿರಬೇಕು’ ಎಂದ ನಮ್ಮ ಮೇಸ್ತ್ರಿ.

‘ಸರಿ, ಆ ಮೂಲೆ ನೋಡಮ್ಮ, ಸಿಮೆಂಟ್ ಕಲೆ ಹಾಗೇ ಇದೆ. ನಾಳೆಯಿಂದ ಬೇಗ ಬಂದು ಈ ಸಾಲನ್ನ ಮುಗಿಸಿಬಿಡಬೇಕು’ ಎಂದರು ಮಾಲೀಕರು. ‘ಆಗ್ಲಿ ಸಾರ್’ ಎಂದು ಅವಳು ಕುಕ್ಕರುಗಾಲಿನಲ್ಲಿ ಕೂತು ಮೂಲೆ ಉಜ್ಜತೊಡಗಿದಳು. ಒದ್ದೆ ಕೂದಲಿನಿಂದ ಬೆನ್ನ ಮೇಲೆ ನೀರು ಇಳಿಯುತ್ತಿತ್ತು. ಇವನು ‘ಸ್ವಲ್ಪ ಆ ಕಡೆ ಸರೀರಿ’ ಎಂದು ಯಾರಿಗೋ ಹೇಳುವ ಹಾಗೆ ಅವಳಿಗೆ ಹೇಳಿ, ಅವಳ ತಲೆಯ ಮೇಲಿಂದ ಕೈಚಾಚಿ ಬಿಸಿನೀರು ಬಿಟ್ಟು ತೋರಿಸಿದ. ಬಂದವರು ತಲೆದೂಗಿದರು. ಆ ದೊಡ್ಡ ಕೆಲಸ ಅಲ್ಲೇ, ಅದೇ ಬಚ್ಚಲಿನಲ್ಲಿ, ಇವನದಾಯಿತು.

ಇದನ್ನು ಮೊದಲು ನನಗೆ ಹೇಳಿದ್ದು ಮೇಲ್ವಿಚಾರಕಿ. ಹೇಳುತ್ತಾ ಹೇಳುತ್ತಾ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ನಾನು ನಂಬಲಿಲ್ಲ. ಮರುದಿನ ಅಂಗಡಿ ತೆರೆಯುವ ಹೊತ್ತಿಗೆ ಅವನೇ ಬಂದು ಬಣ್ಣದ ಡ್ರಮ್ಮಿನ ಮೇಲೆ ಕುಸಿದು ಕೂತ. ಮುಖ ಬಿಳಿಚಿಕೊಂಡಿತ್ತು.

‘ನಿಜಾನೇನೋ?’ ಎಂದೆ.

‘ಹೂಂ.’

‘ನಾಲಿಗೆ ಸೇದಿಹೋಗಿತ್ತಾ ನಿನಗೆ? ಅಕ್ಕ ಅನ್ನೋಕೆ ಎಷ್ಟು ಹೊತ್ತು ಬೇಕಾಗಿತ್ತೋ?’

‘ಬೈರಿ, ಅಂಗಡಿಯಮ್ಮ. ಇನ್ನೂ ಬೈರಿ. ಅಕ್ಕ ಅಂದಿದ್ರೆ, ಮನೇಲಿ ಸ್ನಾನ ಮಾಡೋದು ಬಿಟ್ಟು ಇಲ್ಲಿಗೆ ಯಾಕೆ ಬಂದಳು ಅಂತ ಕೇಳ್ತಾರೆ. ಅಕ್ಕನ ಮನೆ ಬಚ್ಚಲು ಒಡೆದು ಹಾಕಿ ಬಂದಿದ್ದೀನಿ ಅಂತ ಯಾವ ಬಾಯಲ್ಲಿ ಹೇಳ್ಲಿ? ಅಲ್ಲಿ ಇಬ್ಬರು ದೊಡ್ಡವರು ನಿಂತಿದ್ದಾರೆ... ಹೆದರಿಬಿಟ್ಟೆ. ಬಾಯಿಂದ ಬಂದುಬಿಡ್ತು.’ ಅವನು ತನ್ನ ಎರಡೂ ಅಂಗೈಯಿಂದ ಮುಖ ಮುಚ್ಚಿಕೊಂಡ. ‘ಸರೀರಿ ಅಂದೆ. ನನ್ನ ಅಕ್ಕನಿಗೆ, ಸರೀರಿ ಅಂದೆ.’

ಬೈಯಲು ತುದಿಗಾಲಲ್ಲಿ ನಿಂತಿದ್ದವಳು ನಾನು. ನೋಡಿದರೆ, ನಲವತ್ತರ ಗಂಡಸು ನನ್ನ ಅಂಗಡಿಯಲ್ಲಿ, ಗಿರಾಕಿಗಳು ಬಂದು ಹೋಗುವ ಹೊತ್ತಿನಲ್ಲಿ, ಮೂಗು ಸೊರಗುಟ್ಟಿಸಿಕೊಂಡು ಅಳುತ್ತಿದ್ದ. ಅವನ ಪರವಾಗಿ ನನಗೇ ನಾಚಿಕೆಯಾಯಿತು. ‘ಅಳೋದು ಆಮೇಲೆ ಅಳು. ಮೊದಲು ಹೋಗಿ ಆ ಬಚ್ಚಲು ಮುಗಿಸು’ ಎಂದು ಸಿಮೆಂಟು ಚೀಲವನ್ನು ಅವನ ಹೆಗಲಿಗೆ ನಾನೇ ಏರಿಸಿದೆ.

ಆ ವಾರ ಅವನು ಬೇರೆ ಯಾರ ಫೋನನ್ನೂ ಎತ್ತಲಿಲ್ಲ. ಊರೆಲ್ಲ ನನ್ನ ಅಂಗಡಿಗೆ ಬಂದು ‘ಎಲ್ಲಿ ಸತ್ತ ನಿಮ್ಮ ನಾಳೆಪ್ಪ?’ ಎಂದು ಕೇಳಿದ್ದೇ ಕೇಳಿದ್ದು. ಅವನು ಹೋದಾಗ ಅಕ್ಕ ಮನೆಯಲ್ಲಿರಲಿಲ್ಲ; ಬೀಗದ ಕೈ ಪಕ್ಕದ ಮನೆಯವರ ಹತ್ತಿರ ಬಿಟ್ಟಿದ್ದಳು. ತನ್ನ ಮುಖ ನೋಡುವುದು ಬೇಡ ಎಂದು ಎಲ್ಲೋ ಹೋಗಿದ್ದಾಳೆ ಎಂದುಕೊಂಡು ತಲೆ ತಗ್ಗಿಸಿ ಕೆಲಸಕ್ಕೆ ಕೂತ. ಸಂಜೆ ಅವಳು ಬಂದಳು. ಕೈಯ ಚರ್ಮ ಸುಲಿದಿತ್ತು, ಬಟ್ಟೆಯಿಂದ ಆಸಿಡ್ಡಿನ ವಾಸನೆ.

‘ಎಲ್ಲಿಗೆ ಹೋಗಿದ್ದೆ ಅಕ್ಕ?’

‘ಕೆಲಸಕ್ಕೆ.’

‘ಯಾವ ಕೆಲಸ?’

‘ನಿನ್ನ ಎದುರಿಗೇ ಹೇಳಿದ್ರಲ್ಲೋ ಸಾಹೇಬರು, ನಾಳೆಯಿಂದ ಬಾ ಅಂತ. ಹೋಗದಿದ್ರೆ, ಆ ಹೆಂಗಸು ಯಾರು, ಎಲ್ಲಿ ಅಂತ ವಿಚಾರಿಸಲ್ವಾ? ಆಮೇಲೆ ನಿನ್ನ ಮಾತು ಸುಳ್ಳಾಗುತ್ತೆ. ಪಕ್ಕದ ಮನೆಯವಳ ಕೆಲಸಕ್ಕೂ ಕಲ್ಲು. ಅದಕ್ಕೆ ಹೋದೆ.’

ತಾನು ಆಡಿದ ಸುಳ್ಳನ್ನು ನಿಜ ಮಾಡಲು ಅಕ್ಕ ಲಾಡ್ಜಿನ ಪಾಯಿಖಾನೆಗಳನ್ನು ತೊಳೆದು ಬಂದಿದ್ದಾಳೆ ಎಂದು ಅರ್ಥವಾದಾಗ ಅವನ ಕೈಯಲ್ಲಿದ್ದ ಕರಣೆ ಕೆಳಗೆ ಬಿತ್ತಂತೆ. ಅವಳು ಅದನ್ನು ಎತ್ತಿಕೊಟ್ಟು, ‘ಚಹಾ ಕುಡೀತೀಯಾ?’ ಎಂದಳಂತೆ. ಒಂದು ಕೆಟ್ಟ ಮಾತಿಲ್ಲ, ಒಂದು ಕೊಂಕಿಲ್ಲ. ಅವನು ಅದೇ ಹೊತ್ತಿಗೆ ಹೋಗಿ ಮಾಲೀಕರ ಮುಂದೆ ಎಲ್ಲ ಹೇಳಬೇಕಾಗಿತ್ತು. ಹೇಳಲಿಲ್ಲ. ಬಚ್ಚಲು ಮುಗಿಸಿಯೇ ಹೇಳುತ್ತೇನೆ, ಬರಿಗೈಯಲ್ಲಿ ಹೇಗೆ ಹೋಗಲಿ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಅಷ್ಟೂ ದಿನ ಅವಳು ಹೋಗುತ್ತಿದ್ದಳು, ಇವನು ಅವಳ ಮನೆಯಲ್ಲಿ ಟೈಲ್ಸು ಕೂರಿಸುತ್ತಿದ್ದ. ಈಗ ನೆನೆಸಿಕೊಂಡರೂ ನನಗೆ ಕೆಟ್ಟ ಕೋಪ ಬರುತ್ತದೆ.

ಬಚ್ಚಲು ಮುಗಿಯಿತು. ಕೆಲಸದ ಬಗ್ಗೆ ಎರಡು ಮಾತಿಲ್ಲ. ಅಷ್ಟು ನಯವಾದ ಕೆಲಸವನ್ನು ಅವನು ಯಾವ ಲಾಡ್ಜಿಗೂ ಮಾಡಿಕೊಟ್ಟಿರಲಿಕ್ಕಿಲ್ಲ. ಮರುದಿನ ನನ್ನ ಅಂಗಡಿಗೆ ಬಂದು ಬಾಗಿಲಲ್ಲೇ ನಿಂತ.

‘ಅಂಗಡಿಯಮ್ಮ, ಲಾಡ್ಜಿಗೆ ಹೋಗಿ ಸಾಹೇಬರಿಗೆ ಹೇಳಿಬಿಡ್ತೀನಿ. ನೀವೂ ಬನ್ನಿ.’

‘ನಾನ್ಯಾಕೋ?’

‘ಒಬ್ನೇ ಹೋದ್ರೆ ಅರ್ಧ ದಾರಿಯಿಂದ ವಾಪಸ್ ಬಂದುಬಿಡ್ತೀನಿ. ನನ್ನ ನನಗೆ ಗೊತ್ತು.’

ಹೇಗೂ ಆ ಲಾಡ್ಜಿಗೆ ಬಣ್ಣದ ಡಬ್ಬಗಳನ್ನು ಕಳಿಸುವುದಿತ್ತು. ಅಂಗಡಿಯ ವ್ಯಾನಿನಲ್ಲಿ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಗುಡ್ಡ ಹತ್ತಿಸಿದೆ. ದಾರಿಯುದ್ದಕ್ಕೂ ತುಟಿ ಅಲ್ಲಾಡಿಸುತ್ತ ಹೇಳಬೇಕಾದ್ದನ್ನು ಉರುಹೊಡೆಯುತ್ತಿದ್ದ. ಕೆಲಸದಿಂದ ತೆಗೆದುಹಾಕುತ್ತಾರೆ, ಆ ಹೊಸ ಲಾಡ್ಜಿನವರಿಗೂ ಹೇಳುತ್ತಾರೆ, ಊರ ತುಂಬ ತಲೆ ಎತ್ತಿ ತಿರುಗುವ ಹಾಗಿಲ್ಲ ಎಂಬ ಹೆದರಿಕೆ ಮುಖದಲ್ಲಿ ಎದ್ದು ಕಾಣುತ್ತಿತ್ತು. ‘ಹೋದ್ರೆ ಹೋಗ್ಲಿ’ ಎಂದು ಒಮ್ಮೆ ಜೋರಾಗಿಯೇ ಅಂದ. ಅದೊಂದು ಮಾತಿಗೆ ಅವನ ಬೆನ್ನು ತಟ್ಟಬೇಕೆನಿಸಿತು.

ಮಾಲೀಕರು ಮುಂಬಾಗಿಲ ಕೌಂಟರಿನಲ್ಲಿ ನಿಂತು ಫೋನು ನೋಡುತ್ತಿದ್ದರು. ಇವನು ಹೋಗಿ ಕೈಕಟ್ಟಿ ನಿಂತ. ‘ಸಾರ್, ಅವತ್ತು ಕೊನೆ ಕೋಣೆ ಬಚ್ಚಲಲ್ಲಿ ಇದ್ದರಲ್ಲ, ಅವರು ನನ್ನ ಒಡಹುಟ್ಟಿದ ಅಕ್ಕ. ನಾನು ಗೊತ್ತಿಲ್ಲ ಅಂದಿದ್ದು ಸುಳ್ಳು. ಅವರ ಮನೆ ಬಚ್ಚಲು ಒಡೆದು ಹಾಗೇ ಬಿಟ್ಟಿದ್ದೆ. ಅದಕ್ಕೆ ಪಾಪ ಇಲ್ಲಿಗೆ ಸ್ನಾನಕ್ಕೆ ಬಂದಿದ್ದರು. ತಪ್ಪಾಯ್ತು.’

ಮಾಲೀಕರು ತಲೆ ಎತ್ತಿದರು. ‘ಹೌದಾ? ಅವತ್ತೇ ಹೇಳಬಹುದಾಗಿತ್ತಲ್ಲ ಮಾರಾಯ. ಸ್ನಾನ ತಾನೆ ಮಾಡಿದ್ದು. ನಾನೇನು ತಿಂದುಬಿಡ್ತಿದ್ನಾ?’ ಎಂದರು. ಮತ್ತೆ ಫೋನು ನೋಡುತ್ತ, ‘ಅಂದ ಹಾಗೆ, ಮೇಲಿನ ಮಹಡಿಲಿ ಒಂದು ಫ್ಲಶ್ಶು ನಿಲ್ತಾನೇ ಇಲ್ಲ. ಬಂದಿದ್ದೀಯ, ನೋಡಿಬಿಡು’ ಎಂದರು.

ಅಷ್ಟೇ. ಬೈಗುಳವಿಲ್ಲ, ಕೆಲಸ ಕಿತ್ತುಕೊಂಡದ್ದಿಲ್ಲ, ಏನೂ ಇಲ್ಲ. ನಮ್ಮವನು ನಿಂತಲ್ಲೇ ಇದ್ದ. ಅವರು ಎರಡು ಏಟು ಹೊಡೆದಿದ್ದರೂ ಅವನಿಗೆ ಹಗುರವಾಗುತ್ತಿತ್ತೇನೋ. ಯಾವ ಹೆದರಿಕೆಗೆ ಅಕ್ಕನನ್ನು ಗೊತ್ತಿಲ್ಲ ಎಂದಿದ್ದನೋ, ಆ ಹೆದರಿಕೆಯೇ ಸುಳ್ಳಾಗಿತ್ತು. ಅವನ ಕಿವಿಗಳು ಕೆಂಪಗಾಗಿದ್ದನ್ನು ನಾನು ಹಿಂದಿನಿಂದ ನೋಡಿದೆ.

ಅಕ್ಕ ಒಳಗಿನ ಪಡಸಾಲೆಯಲ್ಲಿ ಮೆಟ್ಟಿಲ ಬುಡದಲ್ಲಿ ನೆಲ ಒರೆಸುತ್ತಿದ್ದಳು. ನಮ್ಮನ್ನು ಕಂಡು ಮುಖ ಅರಳಿತು. ‘ಅಂಗಡಿಯಮ್ಮನೂ ಬಂದಿದ್ದೀರಾ!’ ಎಂದು ಕೈಯನ್ನು ಬಟ್ಟೆಗೆ ಒರೆಸಿಕೊಂಡಳು.

‘ಅಕ್ಕ, ಸಾಹೇಬರ ಹತ್ರ ಎಲ್ಲ ಹೇಳಿಬಿಟ್ಟೆ. ಏನೂ ಅನ್ನಲಿಲ್ಲ. ಇನ್ನು ನೀನು ಇಲ್ಲಿಗೆ ಬರೋದು ಬೇಡ. ಬಚ್ಚಲು ಆಯ್ತಲ್ಲ, ನಡಿ ಮನೆಗೆ’ ಎಂದ ತಮ್ಮ.

‘ಇವತ್ತು ಅಲ್ಲೇ ಸ್ನಾನ ಮಾಡಿ ಬಂದೆ ಕಣೋ. ಎಷ್ಟು ಚೆನ್ನಾಗಿ ಮಾಡಿದ್ದೀಯ. ಆ ನೀಲಿ ಬಣ್ಣ ನೋಡ್ತಾ ಎಷ್ಟೋ ಹೊತ್ತು ಹಾಗೇ ನಿಂತುಬಿಟ್ಟೆ’ ಎಂದಳು. ‘ಆದ್ರೆ ಕೆಲಸ ಬಿಡಲ್ಲ. ಇಲ್ಲೇ ಇರ್ತೀನಿ.’

‘ಯಾಕಕ್ಕ? ನನ್ನ ಮೇಲೆ ಕೋಪಾನಾ? ಕೋಪ ಇದ್ರೆ ಬೈಯಿ. ಅಂಗಡಿಯಮ್ಮನ ಮುಂದೇನೇ ಬೈಯಿ.’

‘ಥೂ, ಎಂಥ ಕೋಪ? ನಿನ್ನ ಮೇಲೆ ಕೋಪ ಮಾಡ್ಕೊಂಡು ನಾನು ಯಾರ ಹತ್ರ ಹೋಗ್ಲಿ?’ ಅವಳು ಮೆಟ್ಟಿಲ ಮೇಲೆ ಕೂತು, ಪಕ್ಕದಲ್ಲಿ ಜಾಗ ತಟ್ಟಿದಳು. ಅವನು ಕೂರಲಿಲ್ಲ. ‘ಮನೇಲಿ ಕೂತು ಬೇಸಿಗೆ ಪೂರ್ತಿ ನಿನ್ನ ಕರೆದೆ. ಬಚ್ಚಲಿನ ಮಾತು ಬಿಡು, ಹೇಗಿದ್ದೀಯ ಅಂತ ಒಂದು ಸಲ ಬಾಗಿಲಿಗೆ ಬಂದು ಹೋಗೋಕೂ ನಿನಗೆ ಆಗ್ಲಿಲ್ಲ. ಬಿಡುವಿಲ್ಲ, ನನಗೆ ಗೊತ್ತು. ಆದ್ರೆ ಇಲ್ಲಿ ಹಾಗಲ್ಲ ನೋಡು. ಇಲ್ಲಿಂದ ಯಾರಾದ್ರೂ ಫೋನ್ ಮಾಡಿದ್ರೆ ಅದೇ ಗಳಿಗೇಲಿ ಬಂದುಬಿಡ್ತೀಯಂತೆ. ಎಲ್ಲರೂ ಹೇಳ್ತಾರೆ. ಇಲ್ಲಿದ್ರೆ ಆಗಾಗ ನಿನ್ನ ಮುಖನಾದ್ರೂ ನೋಡಬಹುದು ಅಂತ.’

ಚುಚ್ಚಿ ಹೇಳಿದ್ದರೆ ಅವನು ಹೇಗೋ ತಡೆದುಕೊಳ್ಳುತ್ತಿದ್ದ. ಅವಳು ಚುಚ್ಚಲಿಲ್ಲ. ಇದೊಂದು ಒಳ್ಳೆಯ ಉಪಾಯ ಹೊಳೆಯಿತು ಎನ್ನುವವಳ ಹಾಗೆ, ಸಂತೋಷದಿಂದಲೇ ಹೇಳಿದಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಗೋಡೆಯ ಬಣ್ಣವನ್ನು ಪರೀಕ್ಷಿಸುವವಳ ಹಾಗೆ ಅತ್ತ ತಿರುಗಿದೆ.

ಮೇಲಿನ ಮಹಡಿಯಿಂದ ಯಾರೋ ಕೂಗಿದರು: ‘ಮೇಸ್ತ್ರೀ, ಬಂದ್ರಾ? ನೀರು ಹೊರಗೆ ಬರ್ತಾ ಇದೆ!’

‘ಹೋಗು, ಪಾಪ, ಕಾಯ್ತಿದ್ದಾರೆ’ ಎಂದಳು ಅಕ್ಕ.

ಅವನು ತೋಳಿನಿಂದ ಮುಖ ಒರೆಸಿಕೊಂಡು, ಅವಳನ್ನು ದಾಟಿ, ಮೆಟ್ಟಿಲು ಹತ್ತಿ ಹೋದ.